16 ವರ್ಷದ ಫಾರ್ವರ್ಡ್ ಹುಡುಗ: ಹಾಕಿಯಲ್ಲೇ ಬದುಕು ಕಟ್ಟಿಕೊಳ್ಳುತ್ತಾನಾ ಅಂತ ಈಗಲೇ ಹೇಳಲು ಆಗುತ್ತಾ?

ಸೋದರಮಾವ:
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ ಈಗ 16. ಫಾರ್ವರ್ಡ್ ಆಡುತ್ತಾನೆ, ಹೆಚ್ಚಾಗಿ ಬಲಗಡೆ. ಶಾಲೆಯ ಟೂರ್ನಿಗಳಲ್ಲಿ ಗೋಲು ಹೊಡೆಯದ ಮ್ಯಾಚೇ ಇಲ್ಲ ಅನ್ನಬಹುದು. ರಾಜ್ಯ ತಂಡದ ಕ್ಯಾಂಪಿಗೆ ಕರೆದಿದ್ದರು, ಆದರೆ ಕೊನೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಈಗ ಬೇರೆ ಊರಿನ ಒಂದು ಖಾಸಗಿ ಅಕಾಡೆಮಿಯವರು ಅವನ ಆಟ ನೋಡಿ, "ಇವನು ಇಂಡಿಯಾ ಆಡುವ ಹುಡುಗ. ಕಾಲೇಜು ಬಿಡಿಸಿ ನಮ್ಮಲ್ಲಿಗೆ ಕಳಿಸಿ, ಪಿಯುಸಿ ಪರೀಕ್ಷೆ ಹೊರಗಿನಿಂದ ಕಟ್ಟಿದರಾಯ್ತು" ಅಂದಿದ್ದಾರೆ. ಭಾವನಿಗೆ ಬಹಳ ಖುಷಿ. ಅಕ್ಕನಿಗೆ ನಿದ್ದೆ ಇಲ್ಲ. ಹುಡುಗನಂತೂ ಹೊರಡಲು ತಯಾರಾಗಿಯೇ ಇದ್ದಾನೆ.

ನಾನು ಕಾಲೇಜು ತಂಡದಲ್ಲಿ ಆಡಿದವನು, ಅಷ್ಟೇ. ಮನೆಯವರು ನನ್ನ ಮಾತು ಕೇಳುತ್ತಾರೆ, ಅದಕ್ಕೇ ಭಯ. ಈ ವಯಸ್ಸಿನಲ್ಲಿ ಹುಡುಗನ ಆಟದಲ್ಲಿ ಏನು ನೋಡಬೇಕು? ಗೋಲು ಎಣಿಸಿದರೆ ಸಾಕಾ? ಅವನು ಹೊಡೆದ ಗೋಲುಗಳನ್ನೆಲ್ಲಾ ಸೇರಿಸಿ ಒಂದು ವಿಡಿಯೋ ಮಾಡಿದ್ದೇನೆ. ಯಾರಾದರೂ ನೋಡಿ ಹೇಳುತ್ತೀರಾದರೆ ಕಳಿಸುತ್ತೇನೆ.

ಶಾರ್ಟ್‌ಕಾರ್ನರ್:
ಕಳಿಸಿಬಿಡಿ. 16ಕ್ಕೆ ಹೋಗದಿದ್ದರೆ ಇನ್ನು ಯಾವಾಗ? ವಿವೇಕ್ ಸಾಗರ್ ಪ್ರಸಾದ್ 2018ರಲ್ಲಿ ಭಾರತ ತಂಡಕ್ಕೆ ಬಂದಾಗ ಇನ್ನೂ 17 ವರ್ಷ. ಟೋಕಿಯೋ, ಪ್ಯಾರಿಸ್ ಒಲಿಂಪಿಕ್ಸ್ ಎರಡರಲ್ಲೂ ಪದಕ. ಪ್ರತಿಭೆ ಇದ್ದವನನ್ನು ಪಿಯುಸಿ ಅಂತ ಕಟ್ಟಿ ಹಾಕಬೇಡಿ.

ಪಿಟಿಮೇಷ್ಟ್ರು:
ಒಬ್ಬ ವಿವೇಕ್ ಸಾಗರ್ ಹೆಸರು ಹೇಳಿ ಎಲ್ಲ ಹುಡುಗರಿಗೂ ಅದೇ ದಾರಿ ಅನ್ನಬೇಡಿ ಸರ್. 17ಕ್ಕೇ ಸೀನಿಯರ್ ತಂಡಕ್ಕೆ ಬರುವವರು ತೀರಾ ಅಪರೂಪ, ಅದಕ್ಕೇ ಅವರ ಹೆಸರು ನಿಮ್ಮ ನೆನಪಿನಲ್ಲಿದೆ.

ಸೋದರಮಾವ ಅವರೇ, ನಾನು ದೈಹಿಕ ಶಿಕ್ಷಣ ಶಿಕ್ಷಕ, ಶಾಲಾ ತಂಡಗಳನ್ನು ಬಹಳ ಕಾಲದಿಂದ ನೋಡುತ್ತಿದ್ದೇನೆ. ನಾನು ಕೇಳುವ ಮೊದಲ ಪ್ರಶ್ನೆ ಗೋಲಿನದ್ದಲ್ಲ. ಹುಡುಗ ಹುಟ್ಟಿದ್ದು ಯಾವ ತಿಂಗಳು? ಮೀಸೆ ಯಾವಾಗ ಬಂತು? ಕಳೆದ ವರ್ಷ ಎಷ್ಟು ಎತ್ತರ ಬೆಳೆದ?

ಕೇಳಲು ಕಾರಣ ಇದೆ. ವಯೋಮಿತಿಯ ಟೂರ್ನಿಗಳಲ್ಲಿ ಒಂದೇ ವರ್ಷ ಹುಟ್ಟಿದ ಇಬ್ಬರ ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು. ಜೊತೆಗೆ ದೇಹ ಬಲಿಯುವುದು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ. ಬೇಗ ಬಲಿತ ಹುಡುಗ 14–15ರಲ್ಲಿ ಎಲ್ಲರನ್ನೂ ಓಡಿಯೇ ಸೋಲಿಸುತ್ತಾನೆ. ಚೆಂಡು ಮುಂದಕ್ಕೆ ತಳ್ಳುತ್ತಾನೆ, ಹಿಂದೆ ಓಡುತ್ತಾನೆ, ಗೋಲು. ನೋಡುವವರಿಗೆ ಇವನೇ ಮುಂದಿನ ಧನರಾಜ್ ಪಿಳ್ಳೈ ಅನ್ನಿಸುತ್ತದೆ. 18 ಆಗುವಷ್ಟರಲ್ಲಿ ಉಳಿದವರೂ ಅಷ್ಟೇ ವೇಗವಾಗಿ ಓಡುತ್ತಾರೆ. ಆಗ ಇವನ ಕೈಯಲ್ಲಿ ಬೇರೆ ಉಪಾಯ ಇರುವುದಿಲ್ಲ. ಇದಕ್ಕೆ ಉಲ್ಟಾ ಕೂಡ ಇದೆ. ತಡವಾಗಿ ಬೆಳೆಯುವ ಸಣ್ಣ ಹುಡುಗ ದೊಡ್ಡವರ ನಡುವೆ ಉಳಿದುಕೊಳ್ಳಲು ಬುದ್ಧಿ ಓಡಿಸಲೇಬೇಕು. ಅವನಿಗೆ ದೇಹ ಬಂದ ಮೇಲೆ ಆಟವೇ ಬದಲಾಗುತ್ತದೆ. ಆದರೆ ಅಷ್ಟರಲ್ಲಿ ನಾವೇ ಅವನನ್ನು ಆಯ್ಕೆ ಮಾಡದೆ ಮನೆಗೆ ಕಳಿಸಿರುತ್ತೇವೆ.

ಸೋದರಮಾವ:
ಮೇಷ್ಟ್ರೇ, ಅವನು ಹುಟ್ಟಿದ್ದು ನವೆಂಬರ್‌ನಲ್ಲಿ. ಎತ್ತರ ಈಗಷ್ಟೇ ಬರುತ್ತಿದೆ. ತನ್ನ ಬ್ಯಾಚಿನಲ್ಲಿ ಸಣ್ಣವನೇ.

ಪಿಟಿಮೇಷ್ಟ್ರು:
ಒಳ್ಳೆಯ ಸುದ್ದಿ. ಹಾಗಾದರೆ ಆ ಗೋಲುಗಳಿಗೆ ಸ್ವಲ್ಪ ಜಾಸ್ತಿ ಬೆಲೆ ಕೊಡುತ್ತೇನೆ. ಕ್ಯಾಂಪಿನಿಂದ ಬಿಟ್ಟಿದ್ದಕ್ಕೆ ಕಡಿಮೆ ಬೆಲೆ.

ಹಳೇಫುಲ್‌ಬ್ಯಾಕ್:
ನಾನು ವಿಶ್ವವಿದ್ಯಾಲಯ ತಂಡಕ್ಕೂ ಆಮೇಲೆ ಇಲಾಖೆಯ ತಂಡಕ್ಕೂ ಡಿಫೆನ್ಸ್‌ನಲ್ಲಿ ಆಡಿದವನು. ಫಾರ್ವರ್ಡ್‌ಗಳನ್ನು ಎದುರಿನಿಂದ ನೋಡಿದ್ದೇನೆ. ಯಾವ ಹುಡುಗ ಮುಂದೆ ಬರುತ್ತಾನೆ ಅಂತ ನಮಗೆ ಬೇಗ ಗೊತ್ತಾಗುತ್ತಿತ್ತು, ಯಾಕಂದರೆ ಅಂಥವನ ಎದುರು ನಾವು ಸುಸ್ತಾಗುತ್ತಿದ್ದೆವು.

ಮೊದಲನೆಯದು, ಚೆಂಡು ಬರುವ ಮುಂಚೆ ಅವನ ಕುತ್ತಿಗೆ ನೋಡಿ. ಎಡಕ್ಕೆ ಬಲಕ್ಕೆ ತಿರುಗುತ್ತಾ? ಹಿಂದೆ ಯಾರಿದ್ದಾರೆ, ಎಲ್ಲಿ ಜಾಗ ಇದೆ ಅಂತ ಮೊದಲೇ ನೋಡಿಕೊಂಡವನು ಚೆಂಡನ್ನು ಅರ್ಧ ತಿರುಗಿಕೊಂಡೇ ತಗೊಳ್ಳುತ್ತಾನೆ. ಎರಡನೇ ಹೆಜ್ಜೆಗೆ ಗೋಲಿನ ಕಡೆ ಮುಖ. ನೋಡದವನು ಚೆಂಡು ನಿಲ್ಲಿಸಿ, ಆಮೇಲೆ ತಲೆ ಎತ್ತಿ, ಆಮೇಲೆ ಯೋಚನೆ ಮಾಡುತ್ತಾನೆ. ಅಷ್ಟರಲ್ಲಿ ನನ್ನ ಸ್ಟಿಕ್ ಅವನ ಚೆಂಡಿನ ಮೇಲೆ ಇರುತ್ತಿತ್ತು.

ಎರಡನೆಯದು, ಚೆಂಡು ಕಳಕೊಂಡ ಮೇಲಿನ ಐದು ಸೆಕೆಂಡ್. ಕೈ ಚೆಲ್ಲಿ ನಿಲ್ಲುತ್ತಾನಾ, ಅಂಪೈರ್ ಕಡೆ ತಿರುಗುತ್ತಾನಾ, ಅಥವಾ ತಕ್ಷಣ ಹಿಂದೆ ಬಿದ್ದು ನನ್ನನ್ನು ಸೈಡ್‌ಲೈನ್ ಕಡೆ ಒತ್ತುತ್ತಾನಾ? ಈಗಿನ ಹಾಕಿಯಲ್ಲಿ ಫಾರ್ವರ್ಡ್ ಅಂದರೆ ಮೊದಲ ಡಿಫೆಂಡರ್. ಓಡಿ ಬಂದು ಪ್ರೆಸ್ ಮಾಡುವುದು ಒಂದು. ಯಾವ ಕೋನದಿಂದ ಬಂದರೆ ನನ್ನ ಒಳಗಿನ ಪಾಸ್ ಮುಚ್ಚುತ್ತದೆ ಅಂತ ತಿಳಿದು ಬರುವುದು ಇನ್ನೊಂದು. ಎರಡನೆಯದು ಗೊತ್ತಿದ್ದರೆ ಅವನಿಗೆ ತಂಡದಲ್ಲಿ ಜಾಗ ಸಿಗುತ್ತದೆ, ಆ ದಿನ ಗೋಲು ಬರದಿದ್ದರೂ.

ಗೋಲುಗಳ ವಿಡಿಯೋ ನನಗೆ ಬೇಡ. ಬಿಗಿಯಾದ ಒಂದು ಮ್ಯಾಚ್ ಪೂರ್ತಿ ಕಳಿಸಿ, ಕತ್ತರಿಸದೆ. ಸೋತ ಮ್ಯಾಚ್ ಇದ್ದರೆ ಇನ್ನೂ ಒಳ್ಳೆಯದು.

ಸುಮ್ನೆಓದುಗ:
ಸೋತ ಮ್ಯಾಚ್ ಯಾಕೆ?

ಹಳೇಫುಲ್‌ಬ್ಯಾಕ್:
6–0 ಗೆಲ್ಲುವಾಗ ಎಲ್ಲರೂ ಚೆನ್ನಾಗಿ ಆಡುತ್ತಾರೆ. 2–1 ಹಿಂದೆ ಇದ್ದು, ಕೊನೆಯ ಕ್ವಾರ್ಟರ್‌ನಲ್ಲಿ ಕಾಲು ಸೋತಾಗ ಏನು ಮಾಡುತ್ತಾನೆ ಅನ್ನೋದು ಬೇಕು ನನಗೆ. ಅಲ್ಲಿ ಒಬ್ಬನೇ ನುಗ್ಗುತ್ತಾನಾ, ಪಾಸ್ ಕೊಡುತ್ತಾನಾ, ಅಡಗಿಕೊಳ್ಳುತ್ತಾನಾ. ಎಷ್ಟೋ ಹುಡುಗರು ಆ ಹೊತ್ತಿನಲ್ಲಿ ಪಾಸ್ ಬರದ ಜಾಗ ಹುಡುಕಿಕೊಂಡು ನಿಲ್ಲುತ್ತಾರೆ.

ನಾಪೋಕ್ಲುಹುಡುಗ:
ಅವನು ಆಡೋದು ಟರ್ಫ್ (ಕೃತಕ ಹುಲ್ಲು) ಮೇಲಾ, ಮಣ್ಣಿನ ಮೈದಾನದಲ್ಲಾ? ಯಾರೂ ಕೇಳಲಿಲ್ಲ ಅಲ್ವಾ. ಅರ್ಧ ಉತ್ತರ ಅಲ್ಲೇ ಇದೆ.

ಸೋದರಮಾವ:
ಶಾಲೆಯಲ್ಲಿ ಮಣ್ಣು. ಟೂರ್ನಿ ಇದ್ದಾಗ ಮಾತ್ರ ಟರ್ಫ್.

ನಾಪೋಕ್ಲುಹುಡುಗ:
ಹಾಗಾದರೆ ಅದೇ ಮೊದಲು ಸರಿ ಮಾಡಬೇಕಾದದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲು ಬಂದಾಗ ನಮ್ಮ ದೇಶವೇ ತಡಬಡಾಯಿಸಿತು. ಆ ಹಿಂದಿನ ಏಳು ಚಿನ್ನ ಗೆದ್ದ ತಂಡಕ್ಕೆ ಅಲ್ಲಿ ಒಂದೂ ಪದಕ ಇಲ್ಲ. ಮಣ್ಣಲ್ಲಿ ಚೆಂಡು ಪುಟಿಯುತ್ತದೆ, ನಿಧಾನವಾಗುತ್ತದೆ, ಟ್ರ್ಯಾಪ್ ಮಾಡಲು, ಅಂದರೆ ಹಿಡಿದು ನಿಲ್ಲಿಸಲು, ಸಮಯ ಸಿಗುತ್ತದೆ. ನೀರು ಹಾಕಿದ ಟರ್ಫ್ ಮೇಲೆ ಚೆಂಡು ಜಾರಿಕೊಂಡು ಬರುತ್ತದೆ, ಮೊದಲ ಟಚ್ ಸ್ವಲ್ಪ ದೂರ ಹೋದರೂ ಮುಗೀತು. ಮಣ್ಣಲ್ಲಿ ಕಲಿತ ಹುಡುಗರಿಗೆ ಡಾಡ್ಜ್ (ಎದುರಾಳಿಯನ್ನು ತಪ್ಪಿಸಿ ಹೋಗುವುದು) ಚೆನ್ನಾಗಿರುತ್ತದೆ, ಬೆನ್ನು ಮಾತ್ರ ನೆಟ್ಟಗೆ. ಟರ್ಫ್‌ನಲ್ಲಿ ಸೊಂಟ ಬಗ್ಗಿಸಿ ತಗ್ಗಿ ಆಡಬೇಕು. ಇದು ಬೇಗ ಅಭ್ಯಾಸ ಆಗಬೇಕು, 20 ಆದ ಮೇಲೆ ಕಷ್ಟ.

ಶಾರ್ಟ್‌ಕಾರ್ನರ್:
ಇದನ್ನೇ ನಾನೂ ಹೇಳಿದ್ದು. ದಿನಾ ಟರ್ಫ್ ಸಿಗಬೇಕಾದರೆ ಮನೆ ಬಿಡಲೇಬೇಕು.

ಕಾವೇರಿತೀರ:
ಮನೆ ಬಿಡೋದು ಬೇರೆ, ಓದು ಬಿಡೋದು ಬೇರೆ. ಎರಡನ್ನೂ ಸೇರಿಸಬೇಡಿ. ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರಗಳು, ಇಲಾಖೆಯ ಕ್ರೀಡಾ ಹಾಸ್ಟೆಲ್‌ಗಳು ಇರುವುದು ಯಾಕೆ? ಅಲ್ಲಿ ಮಕ್ಕಳು ಓದಿಕೊಂಡೇ ಆಡುತ್ತಾರೆ. ಕೂಡಿಗೆ ಕ್ರೀಡಾ ಶಾಲೆ ಇದೆ, ಮಡಿಕೇರಿಯಲ್ಲಿ ಸಾಯ್ ಇದೆ. ಸೆಲೆಕ್ಷನ್ ಟ್ರಯಲ್ಸ್‌ಗೆ ಕಳಿಸಿ. ಅಲ್ಲಿ ಆಯ್ಕೆ ಆದರೆ ಊಟ, ವಸತಿ, ತರಬೇತಿ ಯಾವುದಕ್ಕೂ ಮನೆಯಿಂದ ಲಕ್ಷಗಟ್ಟಲೆ ಕೊಡಬೇಕಿಲ್ಲ. ಆಯ್ಕೆ ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಕೇಳಿ, ಅದೇ ದೊಡ್ಡ ಪಾಠ. ಖಾಸಗಿಯವರು "ಇಂಡಿಯಾ ಆಡುತ್ತಾನೆ" ಅಂದದ್ದು ಆಟ ನೋಡಿಯೋ, ಫೀಸು ನೋಡಿಯೋ?

ಶಾರ್ಟ್‌ಕಾರ್ನರ್:
ಎಲ್ಲ ಅಕಾಡೆಮಿಗಳೂ ದುಡ್ಡಿಗೆ ಅನ್ನೋದು ಸರಿಯಲ್ಲ. ಹರ್ಮನ್‌ಪ್ರೀತ್ ಸಿಂಗ್ ರೈತರ ಮನೆಯ ಹುಡುಗ, ಜಲಂಧರಿನ ಸುರ್ಜಿತ್ ಅಕಾಡೆಮಿಗೆ ಸೇರಿದ ಮೇಲೇ ಡ್ರ್ಯಾಗ್ ಫ್ಲಿಕ್ (ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಎಸೆಯುವ ಹೊಡೆತ) ಆ ಮಟ್ಟಕ್ಕೆ ಬಂದದ್ದು. ಪ್ಯಾರಿಸ್‌ನಲ್ಲಿ 10 ಗೋಲು. ಒಳ್ಳೆಯ ಅಕಾಡೆಮಿ ಬೇಕೇ ಬೇಕು.

ಕಾವೇರಿತೀರ:
ಒಳ್ಳೆಯದು ಬೇಕು, ಒಪ್ಪಿದೆ. ಇವರದ್ದು ಒಳ್ಳೆಯದಾ ಅಂತ ಮೊದಲು ತಿಳಿಯಬೇಕು. ನನ್ನ ತಮ್ಮನನ್ನು ಇಂಥದ್ದೇ ಒಂದು ಕಡೆ ಹಾಕಿದ್ದೆವು. ಹೆಸರು ಬೇಡ. ಕೋಚ್ ವಾರಕ್ಕೊಮ್ಮೆ ಬರುತ್ತಿದ್ದರು, ಉಳಿದ ದಿನ ಸೀನಿಯರ್ ಹುಡುಗರೇ ಡ್ರಿಲ್ ಮಾಡಿಸುತ್ತಿದ್ದರು. ಮಂಡಿ ನೋವು ಅಂದರೆ "ಓಡು, ಸರಿ ಹೋಗುತ್ತದೆ" ಅಂತ. ಫಿಸಿಯೋ ಅನ್ನೋರೇ ಇರಲಿಲ್ಲ. ಈಗ ಅವನಿಗೆ ಮೆಟ್ಟಿಲು ಇಳಿಯುವಾಗಲೂ ಮಂಡಿ ಹಿಡಿಯುತ್ತದೆ. ವಯಸ್ಸು 22.

ಹಾಕಿಅಮ್ಮ:
ಓದಿ ಹೊಟ್ಟೆ ಉರಿಯಿತು ಕಾವೇರಿತೀರ. ನನ್ನ ಮಗಳೂ 15, ಹಾಫ್ ಆಡುತ್ತಾಳೆ. ಹುಡುಗಿಯರಿಗೆ ಈಗ ದಾರಿ ಸ್ವಲ್ಪ ತೆರೆದಿದೆ ಅನ್ನಿಸುತ್ತಿದೆ. 2025ರ ಜನವರಿಯಲ್ಲಿ ಮೊದಲ ಸಲ ಮಹಿಳೆಯರ ಹಾಕಿ ಇಂಡಿಯಾ ಲೀಗ್ ನಡೆಯಿತು, ನಾಲ್ಕು ತಂಡ. ಹರಾಜಿನಲ್ಲಿ ಭಾರತ ತಂಡದ ಉದಿತಾಗೆ 32 ಲಕ್ಷ. ಅವರು ಮೊದಲು ಹ್ಯಾಂಡ್‌ಬಾಲ್ ಆಡುತ್ತಿದ್ದವರಂತೆ, ಹಾಕಿಗೆ ಬಂದದ್ದು ಆಮೇಲೆ. ಹಾಗಾಗಿ 16ಕ್ಕೇ ಎಲ್ಲ ತೀರ್ಮಾನ ಆಗಿಬಿಡುತ್ತದೆ ಅನ್ನೋದನ್ನ ನಾನು ನಂಬುವುದಿಲ್ಲ.

ಹಳೇಫುಲ್‌ಬ್ಯಾಕ್:
ಲೀಗ್ ಬಗ್ಗೆ ಎಲ್ಲರಿಗೂ ಒಂದು ಮಾತು. ಹರಾಜಿನ ದೊಡ್ಡ ಮೊತ್ತ ಮಾತ್ರ ಪತ್ರಿಕೆಯಲ್ಲಿ ಬರುತ್ತದೆ. 2024ರ ಹರಾಜಿನಲ್ಲಿ ಹರ್ಮನ್‌ಪ್ರೀತ್‌ಗೆ 78 ಲಕ್ಷ, ಸರಿ. ಆದರೆ ಮೂಲ ಬೆಲೆ ಶುರುವಾಗಿದ್ದು 2 ಲಕ್ಷದಿಂದ. ಅದೂ ವರ್ಷಕ್ಕೊಮ್ಮೆ, ಕೆಲವು ವಾರಗಳ ಆಟಕ್ಕೆ. ಇನ್ನೂ ಮುಖ್ಯ, ಲೀಗ್ ನಿಂತೂ ಹೋಗುತ್ತದೆ. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು, ನಮ್ಮ ಅರ್ಜುನ್ ಹಾಲಪ್ಪ ಕರ್ನಾಟಕ ಲಯನ್ಸ್ ನಾಯಕ. ಒಂದೇ ಸೀಸನ್, ಮುಗೀತು. ಹಾಕಿ ಇಂಡಿಯಾ ಲೀಗ್ 2013ರಲ್ಲಿ ಶುರುವಾಗಿ 2017ಕ್ಕೆ ನಿಂತಿತು. ಮತ್ತೆ ಬಂದದ್ದು 2024ರ ಡಿಸೆಂಬರ್ ಕೊನೆಗೆ. ಆ ನಡುವೆ 18ರಿಂದ 25ರ ವಯಸ್ಸು ಕಳೆದ ಹುಡುಗರಿಗೆ ಲೀಗ್ ಅನ್ನೋದೇ ಇರಲಿಲ್ಲ. ಅವರ ಹೊಟ್ಟೆ ತುಂಬಿಸಿದ್ದು ರೈಲ್ವೆ, ತೈಲ ಕಂಪನಿಗಳು, ಬ್ಯಾಂಕು, ಸೇನೆ, ಪೊಲೀಸ್ ಕೆಲಸ.

ನಮ್ಮಲ್ಲಿ ಹಾಕಿ ವೃತ್ತಿ ಅಂದರೆ ಬಹಳ ಜನರಿಗೆ ಕ್ರೀಡಾ ಕೋಟಾದ ಕೆಲಸ. ಅದಕ್ಕೆ ರಾಷ್ಟ್ರೀಯ ಟೂರ್ನಿಯ ಸರ್ಟಿಫಿಕೇಟ್ ಬೇಕು, ಜೊತೆಗೆ ಹತ್ತನೆಯದೋ ಪಿಯುಸಿಯೋ ಡಿಗ್ರಿಯೋ ಕೂಡ ಬೇಕು. ಆಟ ಇದ್ದು ಮಾರ್ಕ್ಸ್ ಕಾರ್ಡ್ ಇಲ್ಲದ ಹುಡುಗರು ಕೆಳಗಿನ ಹುದ್ದೆಗೆ ಸೇರಿ ಅಲ್ಲೇ ಉಳಿದದ್ದನ್ನು ನನ್ನ ಇಲಾಖೆಯಲ್ಲೇ ನೋಡಿದ್ದೇನೆ. ನಮ್ಮ ತಂಡದ ಅತ್ಯುತ್ತಮ ಇನ್‌ಸೈಡ್ ಫಾರ್ವರ್ಡ್ ನಿವೃತ್ತಿವರೆಗೂ ಸೇರಿದ ಹುದ್ದೆಯಲ್ಲೇ ಇದ್ದರು. ಅವರ ಪಾಸ್‌ನಿಂದ ಗೋಲು ಹೊಡೆದವರು ಓದಿದ್ದರು, ಅಧಿಕಾರಿಗಳಾದರು. ಇವತ್ತಿಗೂ ನನಗೆ ಅದು ಅನ್ಯಾಯ ಅನ್ನಿಸುತ್ತದೆ.

ಕೀಪರ್‌ಪ್ಯಾಡ್:
ಎಲ್ಲರೂ ಫಾರ್ವರ್ಡ್ ಬಗ್ಗೆಯೇ ಮಾತಾಡುತ್ತಿದ್ದೀರಿ, ನಾನು ಗೋಲ್‌ಕೀಪರ್. ಭಾರತದ ಕೀಪರ್ ಆಗಿದ್ದ ಶ್ರೀಜೇಶ್ ಶಾಲೆಯಲ್ಲಿ ಓಟ, ಲಾಂಗ್ ಜಂಪ್, ವಾಲಿಬಾಲ್ ಎಲ್ಲಾ ಮಾಡಿ ತಿರುವನಂತಪುರದ ಕ್ರೀಡಾ ಶಾಲೆಯಲ್ಲಿ ಹಾಕಿಗೆ ಬಂದವರು. ಸೀನಿಯರ್ ತಂಡಕ್ಕೆ ಬಂದದ್ದು 2006ರಲ್ಲಿ, ಒಂದನೇ ನಂಬರ್ ಕೀಪರ್ ಆಗಲು ವರ್ಷಗಟ್ಟಲೆ ಕಾದರು. ಒಲಿಂಪಿಕ್ ಪದಕ ಬಂದದ್ದು 2021ರಲ್ಲಿ. ಹುಡುಗ ಫಾರ್ವರ್ಡ್ ಆಗಿಯೇ ಉಳಿಯುತ್ತಾನೆ ಅಂತಲೂ ಇಲ್ಲ. ಎಷ್ಟೋ ಒಳ್ಳೆಯ ಡಿಫೆಂಡರ್‌ಗಳು ಫಾರ್ವರ್ಡ್ ಆಗಿ ಶುರು ಮಾಡಿದವರು.

ಶಾರ್ಟ್‌ಕಾರ್ನರ್:
ಸರಿ, ಆದರೆ ಅಷ್ಟು ಕಾಯಬೇಕಾದರೂ ಮೊದಲು ಒಳಗೆ ಕಾಲಿಡಬೇಕಲ್ಲ. ಜೂನಿಯರ್ ಭಾರತ ತಂಡ ಆಡದೆ ಸೀನಿಯರ್ ಆಡೋದು ಈಗ ಕಷ್ಟ.

ಪಿಟಿಮೇಷ್ಟ್ರು:
ಜೂನಿಯರ್ ಆಡಿದರೂ ಗ್ಯಾರಂಟಿ ಇಲ್ಲ. 2016ರಲ್ಲಿ ಲಖನೌದಲ್ಲಿ ನಮ್ಮ ಹುಡುಗರು ಬೆಲ್ಜಿಯಂ ವಿರುದ್ಧ 2–1 ಗೆದ್ದು ಜೂನಿಯರ್ ವಿಶ್ವಕಪ್ ತಂದರು. ಅಂದರೆ 21ರೊಳಗಿನವರಲ್ಲಿ ಜಗತ್ತಿಗೇ ಮೊದಲು. ಆ 18 ಜನರಲ್ಲಿ ಟೋಕಿಯೋ ಪದಕದ ತಂಡದಲ್ಲಿ ಇದ್ದವರು ಏಳು: ಹರ್ಮನ್‌ಪ್ರೀತ್, ವರುಣ್, ಸುಮಿತ್, ನೀಲಕಂಠ ಶರ್ಮ, ಮನ್‌ದೀಪ್, ಗುರ್ಜಂತ್, ಸಿಮ್ರನ್‌ಜೀತ್. ವಿಶ್ವಕಪ್ ಗೆದ್ದ ನಾಯಕ ಹರ್ಜೀತ್ ಸಿಂಗ್ ಆ ಪಟ್ಟಿಯಲ್ಲಿ ಇರಲಿಲ್ಲ. ಲಖನೌದಲ್ಲಿ ನಿಂತು "ಇವರಲ್ಲಿ ಯಾರು ಒಲಿಂಪಿಕ್ಸ್ ಆಡುತ್ತಾರೆ" ಅಂತ ಕೇಳಿದ್ದರೆ ಎಲ್ಲರೂ ಮೊದಲು ಹೇಳುತ್ತಿದ್ದದ್ದು ಅವರ ಹೆಸರನ್ನೇ.

ಸಿಮ್ರನ್‌ಜೀತ್ ಕಥೆ ಇನ್ನೂ ದೊಡ್ಡದು. ಟೋಕಿಯೋಗೆ ಅವರು ಮೀಸಲು ಆಟಗಾರ. ಕೋವಿಡ್ ಕಾರಣಕ್ಕೆ 16ರ ತಂಡವನ್ನು 18ಕ್ಕೆ ಏರಿಸಿದ್ದರಿಂದ ಒಳಗೆ ಬಂದರು. ಜರ್ಮನಿ ವಿರುದ್ಧ 5–4 ಗೆದ್ದ ಕಂಚಿನ ಪಂದ್ಯದಲ್ಲಿ ಎರಡು ಗೋಲು ಅವರದ್ದೇ. ಮೀಸಲು ಅಂತ ಕೂರಿಸಿದಾಗ ಅಭ್ಯಾಸ ಸಡಿಲ ಮಾಡಿದ್ದರೆ ಆ ದಿನ ಆ ಗೋಲು ಬರುತ್ತಿತ್ತಾ? ಅದಕ್ಕೇ ಸೋದರಮಾವ ಅವರೇ, ನಿಮ್ಮ ಹುಡುಗ ಕ್ಯಾಂಪಿನಿಂದ ವಾಪಸ್ ಬಂದ ಮೇಲಿನ ವಾರ ಏನು ಮಾಡಿದ ಅನ್ನೋದನ್ನ ನೆನಪು ಮಾಡಿಕೊಂಡು ಹೇಳಿ.

ಸುಮ್ನೆಓದುಗ:
ಟೋಕಿಯೋ ತಂಡದಲ್ಲೂ ಪ್ಯಾರಿಸ್ ತಂಡದಲ್ಲೂ ಕರ್ನಾಟಕದವರು ಒಬ್ಬರೂ ಇಲ್ಲ. ಎಂ.ಪಿ. ಗಣೇಶ್, ಗೋವಿಂದ, ಸೋಮಯ್ಯ ಆಡಿದ ನಾಡು. ಮಾತು ಎಲ್ಲಿಗೋ ಹೋಗುತ್ತದೆ, ಆದರೂ ಕೇಳುತ್ತೇನೆ, ಯಾಕೆ ಹೀಗಾಯ್ತು?

ನಾಪೋಕ್ಲುಹುಡುಗ:
ಆಡುವವರು ಕಡಿಮೆ ಆಗಿಲ್ಲ. 2024ರಲ್ಲಿ ನಮ್ಮ ಕೊಡಗಿನಲ್ಲಿ ಕುಂಡ್ಯೋಳಂಡ ಹಾಕಿ ನಮ್ಮೆಗೆ (ಕೊಡವ ಕುಟುಂಬಗಳ ಹಾಕಿ ಹಬ್ಬ) 360 ತಂಡ ಬಂದು ಗಿನ್ನೆಸ್ ದಾಖಲೆ ಆಯಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದಾಗ 60 ತಂಡ ಇತ್ತು. ಅಜ್ಜ, ಮೊಮ್ಮಗ, ಮನೆಯ ಹೆಣ್ಣುಮಕ್ಕಳು ಎಲ್ಲ ಒಂದೇ ತಂಡದಲ್ಲಿ ಆಡುತ್ತಾರೆ. ನಾನೂ ಆಡಿದ್ದೇನೆ, ಅದರ ಸಂತೋಷವೇ ಬೇರೆ. ಆದರೆ ಅದು ಹಬ್ಬ. ಹಬ್ಬದಲ್ಲಿ ಕಂಡ ಹುಡುಗನನ್ನು ಮರುದಿನದಿಂದ ಟರ್ಫ್ ಮೇಲೆ ತಂದು ಐದಾರು ವರ್ಷ ಬೆಳೆಸುವ ವ್ಯವಸ್ಥೆ ಬೇಕು. ಒಡಿಶಾದವರು ಅದನ್ನು ಮಾಡಿದರು, ಪಂಜಾಬಿನವರು ಬಿಡದೆ ಉಳಿಸಿಕೊಂಡರು.

ಕಾವೇರಿತೀರ:
ಜೊತೆಗೆ ನಮ್ಮ ಮಕ್ಕಳು ಇಂಜಿನಿಯರಿಂಗ್‌ಗೆ ಹೋಗುತ್ತಾರೆ. ಅದೂ ಸತ್ಯ ಅಲ್ವಾ.

ನಾಪೋಕ್ಲುಹುಡುಗ:
ಸತ್ಯ. ಆದರೆ ಎಸ್.ವಿ. ಸುನಿಲ್ ಬಂದದ್ದು ಸೋಮವಾರಪೇಟೆಯ ಬಡಗಿಯ ಮನೆಯಿಂದ. ಚಿಕ್ಕಂದಿನಲ್ಲಿ ಬಿದಿರಿನ ಕೋಲಿನಲ್ಲಿ ಆಡಿದವರು, ಎರಡು ಒಲಿಂಪಿಕ್ಸ್ ಆಡಿದರು. ಅಂಥ ಮನೆಗಳಲ್ಲಿ ಇವತ್ತೂ ಹುಡುಗರಿದ್ದಾರೆ. ಅವರ ಹತ್ತಿರ ನಾವು ಹೋಗುತ್ತಿಲ್ಲ.

ಸೋದರಮಾವ:
ಸುನಿಲ್ ಹೆಸರು ಬಂದದ್ದಕ್ಕೆ ಕೇಳುತ್ತೇನೆ. ಇವನ ಬಲವೂ ವೇಗವೇ. ವೇಗ ಒಂದಿದ್ದರೆ ಮುಂದೆ ಹೋಗಬಹುದಾ?

ಹಳೇಫುಲ್‌ಬ್ಯಾಕ್:
ಸುನಿಲ್‌ಗೆ ವೇಗ ಇತ್ತು ಅಂತ ಎಲ್ಲರೂ ಹೇಳುತ್ತಾರೆ. ಆ ವೇಗದಲ್ಲಿ ಓಡುವಾಗಲೂ ಚೆಂಡು ಸ್ಟಿಕ್ಕಿಗೆ ಅಂಟಿಕೊಂಡೇ ಇರುತ್ತಿತ್ತು ಅನ್ನೋದನ್ನ ಬಿಟ್ಟುಬಿಡುತ್ತಾರೆ. ಬರೀ ಓಟ ಬೇಕಿದ್ದರೆ ಅಥ್ಲೆಟಿಕ್ಸ್ ಇದೆ. ಪೂರ್ತಿ ವೇಗದಲ್ಲಿ ಓಡುತ್ತಾ ತಲೆ ಎತ್ತಿ ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಯಾರಿದ್ದಾರೆ ನೋಡುತ್ತಾನಾ, ಅದನ್ನ ಗಮನಿಸಿ. ಮತ್ತೊಂದು, ಒಂದು ಓಟ ಅಲ್ಲ, ಹತ್ತನೇ ಓಟ. ಈಗ 15 ನಿಮಿಷದ ನಾಲ್ಕು ಕ್ವಾರ್ಟರ್. ಫಾರ್ವರ್ಡ್‌ಗಳನ್ನು ಕೆಲವೇ ನಿಮಿಷಕ್ಕೆ ಒಳಗೆ ಹೊರಗೆ ಬದಲಾಯಿಸುತ್ತಲೇ ಇರುತ್ತಾರೆ. ಒಳಗಿದ್ದಷ್ಟು ಹೊತ್ತು ಪೂರ್ತಿ ಶಕ್ತಿ ಹಾಕಬೇಕು, ಹೊರಗೆ ಬಂದು ಬೇಗ ಚೇತರಿಸಿಕೊಳ್ಳಬೇಕು. ಯೋ-ಯೋ ಟೆಸ್ಟ್ (ಸಣ್ಣ ಬಿಡುವು ಕೊಡುತ್ತಾ, ವೇಗ ಏರಿಸುತ್ತಾ ಹಿಂದೆ ಮುಂದೆ ಓಡಿಸುವ ಪರೀಕ್ಷೆ) ಮಾಡಿಸೋದು ಇದಕ್ಕೇ.

ಪಿಟಿಮೇಷ್ಟ್ರು:
ಯೋ-ಯೋ ಅಂಕವನ್ನೇ ಹಿಡಿದುಕೊಳ್ಳಬೇಡಿ ಮತ್ತೆ. 16ಕ್ಕೆ ಕಡಿಮೆ ಬಂದರೆ ಎರಡು ವರ್ಷದಲ್ಲಿ ಏರಿಸಬಹುದು. ಚೆಂಡಿನ ಜೊತೆ ತೀರ್ಮಾನ ತಗೊಳ್ಳುವ ಬುದ್ಧಿಯನ್ನು ಅಷ್ಟು ಸುಲಭವಾಗಿ ತುಂಬಲು ಆಗುವುದಿಲ್ಲ.

ಹಳೇಫುಲ್‌ಬ್ಯಾಕ್:
ಒಪ್ಪುವುದಿಲ್ಲ ಮೇಷ್ಟ್ರೇ. ಬುದ್ಧಿಯನ್ನೂ ಕಲಿಸಬಹುದು. ನಾವು ಕಲಿಸುವುದಿಲ್ಲ, ಅಷ್ಟೇ. ಕೋನ್ ಇಟ್ಟು ಡ್ರಿಬಲ್ ಮಾಡಿಸಿದರೆ ಕೋನ್ ದಾಟುವುದನ್ನು ಕಲಿಯುತ್ತಾನೆ. ಮೂವರ ವಿರುದ್ಧ ಮೂವರು, ಸಣ್ಣ ಜಾಗದಲ್ಲಿ ದಿನಾ ಆಡಿಸಿ, ಯೋಚನೆ ತಾನಾಗಿ ಬರುತ್ತದೆ.

ಪಿಟಿಮೇಷ್ಟ್ರು:
ಅದು ಸರಿ. ಆದರೆ 10 ವರ್ಷದಿಂದ ಆಡಿಸಿದರೆ ಬರುವಷ್ಟು 16ರಿಂದ ಆಡಿಸಿದರೆ ಬರುವುದಿಲ್ಲ ಅನ್ನೋದು ನನ್ನ ಅನುಭವ.

ಶಾರ್ಟ್‌ಕಾರ್ನರ್:
ಡ್ರ್ಯಾಗ್ ಫ್ಲಿಕ್ ಕಲಿಸಿ, ಅದೊಂದಿದ್ದರೆ ಎಲ್ಲ ತಂಡಕ್ಕೂ ಬೇಕು. ಅದರಲ್ಲಿ ಹೆಸರಾದ ರಘುನಾಥ್, ಲೆನ್ ಅಯ್ಯಪ್ಪ ನಮ್ಮವರೇ ಅಲ್ವಾ.

ಹಳೇಫುಲ್‌ಬ್ಯಾಕ್:
ಬೆಳೆಯುತ್ತಿರುವ ಸಣ್ಣ ಹುಡುಗನಿಗೆ ದಿನಾ ನೂರು ಫ್ಲಿಕ್ ಬೇಡವೇ ಬೇಡ. ಕೆಳಬೆನ್ನಿಗೂ ಸೊಂಟಕ್ಕೂ ಅದರಿಂದ ಬೀಳುವ ಹೊರೆ ದೊಡ್ಡದು. ಮೊದಲು ಮೈ ಗಟ್ಟಿಯಾಗಲಿ.

ಸೋದರಮಾವ:
ಎಲ್ಲರಿಗೂ ಧನ್ಯವಾದ. ಮೇಷ್ಟ್ರು ಕೇಳಿದ್ದಕ್ಕೆ ಅಕ್ಕನನ್ನು ಕೇಳಿದೆ. ಕ್ಯಾಂಪಿನಿಂದ ಬಂದು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲವಂತೆ. ಮೂರನೇ ದಿನ ಕ್ಯಾಂಪಿನ ಕೋಚ್‌ಗೆ ತಾನೇ ಫೋನ್ ಮಾಡಿ ಏನು ಕಡಿಮೆ ಇತ್ತು ಅಂತ ಕೇಳಿದ್ದಾನೆ. ರಿವರ್ಸ್‌ನಲ್ಲಿ (ಸ್ಟಿಕ್ ತಿರುಗಿಸಿ ಎಡಗಡೆ) ಚೆಂಡು ತಗೊಳ್ಳುವುದು ಸರಿ ಇಲ್ಲ ಅಂದರಂತೆ. ಅವತ್ತಿನಿಂದ ಮನೆ ಹಿಂದಿನ ಗೋಡೆಗೆ ಚೆಂಡು ಹೊಡೆದು ರಿವರ್ಸ್‌ನಲ್ಲೇ ಹಿಡಿಯುತ್ತಿದ್ದಾನೆ. ಇದು ನನಗೆ ಗೊತ್ತೇ ಇರಲಿಲ್ಲ.

ಅಕಾಡೆಮಿಗೂ ಫೋನ್ ಮಾಡಿದೆ. ವಾರಕ್ಕೆ ಎಷ್ಟು ದಿನ ಟರ್ಫ್, ಫಿಸಿಯೋ ಇದ್ದಾರಾ, ಇಲ್ಲಿಂದ ಹೋದ ಎಷ್ಟು ಹುಡುಗರು ರಾಷ್ಟ್ರೀಯ ಟೂರ್ನಿ ಆಡಿದ್ದಾರೆ ಅಂತ ಕೇಳಿದೆ. ಟರ್ಫ್ ಬಾಡಿಗೆಗೆ, ವಾರಕ್ಕೆ ಎರಡು ದಿನ. ಉಳಿದದ್ದಕ್ಕೆ "ಬಂದು ಮಾತಾಡಿ" ಅಂದರು. ಒಂದು ವರ್ಷದ ಫೀಸು ಮೊದಲೇ ಕಟ್ಟಬೇಕಂತೆ.

ಪಿಟಿಮೇಷ್ಟ್ರು:
ತಾನೇ ಫೋನ್ ಮಾಡಿ ಕೇಳಿದನಾ! ಬಿಟ್ಟ ಕೋಚ್‌ಗೆ ಫೋನ್ ಮಾಡಿ ಕಾರಣ ಕೇಳುವ ಹುಡುಗರು ನನಗೆ ಬಹಳ ಕಮ್ಮಿ ಸಿಕ್ಕಿದ್ದಾರೆ. ಈ ಹುಡುಗನನ್ನು ನಾನು ನೋಡಬೇಕು.

ಕಾವೇರಿತೀರ:
ಫೀಸು ಕಟ್ಟಬೇಡಿ. ವಾರಕ್ಕೆ ಎರಡು ದಿನದ ಟರ್ಫ್‌ಗೆ ಕಾಲೇಜು ಬಿಡೋದಾ? ಸಾಯ್ ಮತ್ತು ಹಾಸ್ಟೆಲ್ ಟ್ರಯಲ್ಸ್ ಪ್ರಕಟಣೆ ಬಂದ ತಕ್ಷಣ ಇಲ್ಲಿ ಹಾಕುತ್ತೇನೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ದಿನ ಒಂದೇ ಇದೆಯಾ ಇವತ್ತೇ ನೋಡಿಕೊಳ್ಳಿ. ಅದರಿಂದಲೇ ಎಷ್ಟೋ ಮಕ್ಕಳು ಗೇಟಿನಲ್ಲೇ ವಾಪಸ್ ಆಗುತ್ತಾರೆ.

ಶಾರ್ಟ್‌ಕಾರ್ನರ್:
ಎರಡು ದಿನ ಅಂದರೆ ನಾನೂ ಬೇಡ ಅನ್ನುತ್ತೇನೆ. ಆದರೆ ಟ್ರಯಲ್ಸ್‌ಗೆ ಕಾಯುತ್ತಾ ಒಂದು ವರ್ಷ ಕಳೆಯಬೇಡಿ. ಬೆಳಿಗ್ಗೆ ಕಾಲೇಜಿಗೆ ಮುಂಚೆ ಟರ್ಫ್ ಸಿಗುವ ಊರಲ್ಲಿ ನೆಂಟರು ಯಾರಾದರೂ ಇದ್ದಾರಾ ನೋಡಿ. ಅಲ್ಲೇ ಪಿಯುಸಿಗೆ ಹಾಕಿ.

ಸೋದರಮಾವ:
ನನ್ನ ಚಿಕ್ಕಮ್ಮ ಇದ್ದಾರೆ ಅಂಥ ಊರಲ್ಲಿ. ಭಾವನ ಜೊತೆ ಇವತ್ತು ರಾತ್ರಿಯೇ ಮಾತಾಡುತ್ತೇನೆ. ಶನಿವಾರ ಅವನಿಗೆ ಮ್ಯಾಚ್ ಇದೆ, ಎದುರಾಳಿ ಗಟ್ಟಿ ತಂಡ. ಪೂರ್ತಿ ಚಿತ್ರೀಕರಿಸಿ ಕಳಿಸುತ್ತೇನೆ.

ಕೀಪರ್‌ಪ್ಯಾಡ್:
ಸೈಡ್‌ಲೈನ್ ಪಕ್ಕ ನೆಲದಲ್ಲಿ ನಿಂತು ತೆಗೆಯಬೇಡಿ, ಏನೂ ಗೊತ್ತಾಗಲ್ಲ. ಗ್ಯಾಲರಿಯ ಎತ್ತರದಿಂದ, ಮಧ್ಯದ ಗೆರೆಯ ನೇರಕ್ಕೆ ನಿಂತುಕೊಳ್ಳಿ. ಚೆಂಡಿನ ಹಿಂದೆ ಝೂಮ್ ಮಾಡಬೇಡಿ, ಚೆಂಡು ಆ ಕಡೆ ಇದ್ದಾಗ ನಿಮ್ಮ ಹುಡುಗ ಏನು ಮಾಡುತ್ತಿದ್ದಾನೆ ಅನ್ನೋದೇ ನಮಗೆ ಬೇಕು.

ಹಳೇಫುಲ್‌ಬ್ಯಾಕ್:
ಹೌದು. ಅವನಿಗೆ ಮಾತ್ರ ವಿಡಿಯೋ ತೆಗೆಯುತ್ತಿರುವ ವಿಷಯ ಹೇಳಬೇಡಿ.